ಕೆಂಪು ಗೀಟು

ಯಲ್ಲಾಪುರದ ನಾಟಾ ಡಿಪೋದಲ್ಲಿ ಕೆರಿಯಪ್ಪನ ಕಿವಿಗೆ ಎದುರಿರಲಿಲ್ಲ. ಕೊಡಲಿಯ ಹಿಂಬದಿಯಿಂದ ದಿಮ್ಮಿಗೆ ಮೂರು ಪೆಟ್ಟು ಕೊಟ್ಟು ಕಿವಿಯಾನಿಸುತ್ತಿದ್ದ. ಒಳಗೆ ಟೊಳ್ಳಿದ್ದರೆ ಅಲ್ಲೇ ಕೆಂಪು ಗೀಟು. ಗೀಟು ಬಿದ್ದ ದಿಮ್ಮಿಯನ್ನು ಯಾರೂ ಲಾರಿಗೆ ಏರಿಸುತ್ತಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಗೀಟೂ ಸುಳ್ಳಾಗಲಿಲ್ಲ. ಆ ಜಂಬವೂ ಅವನಿಗೇನು ಕಡಿಮೆಯಿರಲಿಲ್ಲ ಅನ್ನಿ.

೨೦೦೧ರಲ್ಲಿ ಅವನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆರಡು ಸಲ ಹುಬ್ಬಳ್ಳಿಗೆ ಹೋಗಿ ಡಯಾಲಿಸಿಸ್. ಮೂರು ವರ್ಷದ ಮೇಲೆ ಮೂಳೆನೋವು ಶುರುವಾಯಿತು. ಒಂದು ಮಧ್ಯಾಹ್ನ ಸುಮ್ಮನೆ ಕೂತವನು, ಹಳೇ ಚಟ ನೋಡಿ, ಮೊಣಕಾಲ ಕೆಳಗಿನ ಎಲುಬಿಗೆ ಬೆರಳಗೆಣ್ಣಿನಿಂದ ಮೂರು ಪೆಟ್ಟು ಕೊಟ್ಟ. ಆ ಸದ್ದು ಅವನಿಗೆ ಗೊತ್ತಿತ್ತು. ಮರುದಿನವೇ ಡಾಕ್ಟರ ಮುಂದೆ ಹೋಗಿ ಕೂತ.

ಡಾಕ್ಟರು ಬಿಡಿಸಿ ಹೇಳಿದರು. ಕತ್ತಿನಲ್ಲಿ ಕಾಳಿನ ಗಾತ್ರದ ನಾಲ್ಕು ಗ್ರಂಥಿಗಳಿವೆ. ರಕ್ತಕ್ಕೆ ಸುಣ್ಣದಂಶ ಸಾಲದಾದರೆ ಅವು ಮೂಳೆಯಿಂದ ಎಳೆಸುತ್ತವೆ. ಸಾಕು ನಿಲ್ಲಿಸಿ ಎಂದು ಅವಕ್ಕೆ ಹೇಳುವುದು ವಿಟಮಿನ್ ಡಿ. ಅದನ್ನು ಹದಕ್ಕೆ ತರಬೇಕಾದ ಕಿಡ್ನಿಯೇ ಸತ್ತಿದೆ. ಸಾಕು ಎಂಬ ಆ ಮಾತನ್ನು ಕೇಳಿಸಿಕೊಳ್ಳುವ ಶಕ್ತಿಯೂ ಗ್ರಂಥಿಗಳಲ್ಲಿ ಕುಂದಿದೆ. ಕಿವುಡಾಗಿ, ಉಬ್ಬಿಕೊಂಡು, ಬಿಡುವಿಲ್ಲದೆ ಮೂಳೆ ಕರಗಿಸುತ್ತಿವೆ. ಔಷಧಿಗೆ ಬಗ್ಗುತ್ತಿಲ್ಲ, ಆಪರೇಷನ್ ಮಾಡಿ ತೆಗೆಯಬೇಕು, ತಡಮಾಡಿದರೆ ಕಾಲು ಉಳಿಯದು ಎಂದರು.

ಕೆರಿಯಪ್ಪನ ತಲೆಗೆ ಹೋದದ್ದು ಸುಣ್ಣ ಒಂದೇ. ಹೋದದ್ದನ್ನು ತುಂಬಿದರಾಯಿತಲ್ಲ! ಕವಳದ ಎಲೆಗೆ ಸುಣ್ಣ ಎರಡು ಪಟ್ಟಾಯಿತು. ಹೆಂಡತಿ ದುರ್ಗಿಗೆ ಕಾಣದಂತೆ ಮಜ್ಜಿಗೆಗೂ ಕದಡಿ ಕುಡಿದ. ಎರಡು ತಿಂಗಳಲ್ಲಿ ಬೆರಳ ತುದಿಯ ಚರ್ಮ ಒಡೆದು ಬಿಳಿ ಹರಳುಗಳು ಹೊರಬಂದವು. ಮೂಳೆ ಚಿಗುರುತ್ತಿದೆ ಎಂದು ಹಿಗ್ಗಿದ, ಪುಣ್ಯಾತ್ಮ. ಎಲುಬು ಸೇರದ ಸುಣ್ಣ ಮೈಯೆಲ್ಲ ಅಲೆದು ಸಿಕ್ಕಲ್ಲಿ ಕಲ್ಲಾಗುತ್ತಿತ್ತು. ಆಪರೇಷನ್ನಿನ ದಿನವನ್ನು ಎರಡು ಸಲ ತಪ್ಪಿಸಿದ.

ನೋವು ಮಾತ್ರ ಏರುತ್ತಲೇ ಹೋಯಿತು. ಒಂದು ಸಂಜೆ ದುರ್ಗಿಯನ್ನು ಕರೆದು ಕಾಲಿಗೆ ಕಿವಿಯಿಡಲು ಹೇಳಿ, ತಾನೇ ಮೂರು ಪೆಟ್ಟು ಕೊಟ್ಟ.

“ಎಂತ ಕೇಳ್ತದೆ?”

ಮೂರು ಕೇಳಿಸಿತು. ಆಮೇಲೆ, ಅವನ ಬೆರಳು ಸುಮ್ಮನಿದ್ದಾಗಲೇ, ಒಳಗಿನಿಂದ ನಾಲ್ಕನೆಯದು. ದುರ್ಗಿ ತಟ್ಟನೆ ಕಿವಿ ತೆಗೆದಳು.

“ಗಟ್ಟಿ ಅದೆ,” ಎಂದಳು.

ಟೊಳ್ಳನ್ನು ಗಟ್ಟಿಯೆಂದು ಸಾಗಹಾಕುವವರ ದನಿ ಅವನಿಗೆ ಹೊಸತೇ? ಮೂಲೆಯಿಂದ ಬಣ್ಣದ ಡಬ್ಬಿ ತಂದು ಎಲುಬಿನ ಮೇಲೆ ಕೆಂಪು ಗೀಟೆಳೆದ.

“ನಾಳೆ ಹುಬ್ಬಳ್ಳಿಗೆ ಹೋಗ್ವ,” ಎಂದ. “ಕತ್ತು ಕೊಯ್ಲಿ.”

ಬೆಳಿಗ್ಗೆ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟು ಮೈಭಾರ ಹಾಕಿದ್ದೇ ತಡ, ಒಣಕೊಂಬೆಯ ಸದ್ದು. ದುರ್ಗಿ ಅಳುತ್ತ ಪಂಚೆ ಸರಿಸಿದಳು. ಮುರಿದದ್ದು ಗೀಟಿನ ಮೇಲೇ.

ಕೆರಿಯಪ್ಪ ಅವುಡುಗಚ್ಚಿ ಅದನ್ನೇ ನೋಡಿದ.

“ಸುಳ್ಳಾಗ್ಲಿಲ್ಲ ನೋಡು,” ಎಂದ.