ಕತ್ತಿ ಅದ್ದಿ ನೋಡಿದ ಪಾಠ

ಸಿದ್ದಾಪುರದ ಕಡೆಯ ನಮ್ಮ ಪ್ರೌಢಶಾಲೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಅದಕ್ಕೇ ನಾನು ಶಿರಸಿಗೆ ಹೋದಾಗಲೆಲ್ಲ ರಸಾಯನಶಾಸ್ತ್ರದ ವೀಡಿಯೊಗಳನ್ನು ಫೋನಿಗೆ ಇಳಿಸಿಕೊಂಡು ಬರುತ್ತೇನೆ. ನೆಟ್ ಇಲ್ಲವೆಂದು ಪಾಠ ನಿಲ್ಲಬಾರದು ಎಂಬ ಹಟ ನನ್ನದು.

ಒಮ್ಮೆ ಹತ್ತನೇ ತರಗತಿಗೆ ತಾಮ್ರದ ಸಲ್ಫೇಟಿನ ನೀಲಿ ನೀರಿಗೆ ಕಬ್ಬಿಣದ ಮೊಳೆ ಹಾಕುವ ವೀಡಿಯೊ ತೋರಿಸಿದೆ. ಮೊಳೆ ಕೆಂಪಾಯಿತು. ಇಂಥದ್ದನ್ನು ಯಾರಾದರೂ ನೋಡಿದ್ದೀರಾ ಎಂದು, ಯಾರೂ ನೋಡಿರಲಿಕ್ಕಿಲ್ಲ ಎಂಬ ಧೈರ್ಯದಲ್ಲೇ ಕೇಳಿದೆ.

"ಅದು ಮೈಲುತುತ್ತದ ನೀರಲ್ವಾ ಅಕ್ಕೋರೆ?" ಎಂದಳು ಹಿಂದಿನ ಬೆಂಚಿನ ಹುಡುಗಿ. "ಅಡಿಕೆಗೆ ಕೊಳೆರೋಗ ಬರಬಾರದು ಅಂತ ಔಷಧ ಮಾಡುವಾಗ ಅಪ್ಪ ಡ್ರಮ್ಮಿಗೆ ಕತ್ತಿ ಅದ್ದಿ ನೋಡ್ತಾರೆ. ಕತ್ತಿ ಕೆಂಪಾದ್ರೆ ತುತ್ತ ಹೆಚ್ಚಾಗಿದೆ ಅಂತ ಇನ್ನಷ್ಟು ಸುಣ್ಣ ಹಾಕ್ತಾರೆ."

ನಮ್ಮ ಮನೆಯಲ್ಲೂ ಹಾಗೇ ಮಾಡುತ್ತಾರೆ. ಇಷ್ಟು ವರ್ಷ ಪಾಠ ಹೇಳಿದ ನನಗೆ ಅದೇ ಇದು ಎಂದು ಹೊಳೆದಿರಲಿಲ್ಲ. ನನ್ನ ಮೇಲೇ ಸಿಟ್ಟು ಬಂತು. ಇನ್ನು ಬೇರೆಯವರ ವೀಡಿಯೊ ಇಳಿಸಿಕೊಂಡರೆ ಸಾಲದು, ನಾವೇ ಮಾಡಿ ನೆಟ್ಟಿಗೆ ಏರಿಸಬೇಕು ಎಂದು ಅಲ್ಲೇ ತೀರ್ಮಾನಿಸಿದೆ. ಮರುವಾರ ಆ ಹುಡುಗಿಯ ಮನೆಯಲ್ಲಿ ಅವಳ ಅಪ್ಪ ಕತ್ತಿ ಅದ್ದಿದರು, ಅವಳು ವಿವರಿಸಿದಳು, ನಾನು ಫೋನು ಹಿಡಿದೆ.

ಮುಗಿಯಿತೆಂದು ಫೋನು ಕೆಳಗಿಳಿಸಿದಾಗ ಅವಳು, "ಡ್ರಮ್ಮು ಹಳ್ಳದಲ್ಲಿ ತೊಳೀತೇವಲ್ಲ, ಅದನ್ನೂ ತೆಗೀಬೇಕಾ ಅಕ್ಕೋರೆ? ನೀರು ಕೆಡ್ತದಲ್ಲ, ಪರಿಸರದ ಪಾಠಕ್ಕೆ ಬರ್ತದೆ," ಎಂದಳು. ಅವಳ ಅಪ್ಪ ನೆಲ ನೋಡಿದರು.

"ತೆಗೀಬೇಕು," ಎಂದೆ. "ಆದರೆ ಇಲ್ಲಿ ಬೇಡ. ನಾಳೆ ನಮ್ಮನೆಗೆ ಬಾ. ನಮ್ಮ ಡ್ರಮ್ಮು ತೊಳೆಯೋದೂ ಇದೇ ಹಳ್ಳದಲ್ಲಿ."