ಗ್ರಾಮಫೋನ್ ಹೇಳಿದ ಕಪ್ಪೆಯ ಪಾಠ

ನಮ್ಮ ಫ್ಲ್ಯಾಟಿನ ಲಿಫ್ಟು ಟಿಣ್ ಎಂದಾಗಲೆಲ್ಲ ನನಗೆ ಸೀಳಿದ ಕಪ್ಪೆಯ ಹೊಟ್ಟೆ ಕಾಣುತ್ತದೆ. ನಗಬೇಡಿ, ಕಾರಣವಿದೆ.

ಅರವತ್ತರ ದಶಕದ ಮದ್ರಾಸು. ಎಗ್ಮೋರ್ ಸ್ಟೇಷನ್ನಿಗೆ ಹೋಗುವ ರಸ್ತೆಯ ಕಾಲೇಜೊಂದರಲ್ಲಿ ನಾನು ಬಿ.ಎಸ್ಸಿ. ಓದುತ್ತಿದ್ದೆ. ಉಡುಪಿ ಕಡೆಯಿಂದ ಬಂದು ಹೋಟೆಲಿಟ್ಟಿದ್ದ ಅಪ್ಪನದು ಒಂದೇ ಮಾತು: "ಪಾಸಾದ್ರೆ ಮಾಷ್ಟ್ರಾಗು ಮಾರಾಯ, ಫೇಲಾದ್ರೆ ಗಲ್ಲಾದಲ್ಲಿ ಕೂತ್ಕೋ." ನನಗೋ ಮೇಷ್ಟ್ರಾಗುವ ಹುಚ್ಚು.

ಪ್ರಾಣಿಶಾಸ್ತ್ರದ ಅಯ್ಯಂಗಾರ್ ಮೇಷ್ಟ್ರು ಒಂದು ದಿನ ಎಲ್ಲಿಂದಲೋ ಗೋಡೆಯ ಮೇಲೆ ಬೆಳಕಿನಲ್ಲಿ ಮೂಡಿಸುವ ಚಿತ್ರಗಳ ಫಿಲ್ಮ್ ಸುರುಳಿಯನ್ನೂ ಅದರ ಜೋಡಿ ಗ್ರಾಮಫೋನ್ ತಟ್ಟೆಯನ್ನೂ ತಂದರು. ತಟ್ಟೆಯೊಳಗಿನ ಬಿಳಿ ದೊರೆ ಕಪ್ಪೆಯ ಒಂದು ಅಂಗವನ್ನು ಇಂಗ್ಲಿಷಿನಲ್ಲಿ ವರ್ಣಿಸಿ ಮುಗಿಸಿದೊಡನೆ ಟಿಣ್ ಎಂದು ಗಂಟೆ. ಮೇಷ್ಟ್ರು ಮುಂದಿನ ಚಿತ್ರಕ್ಕೆ ತಿರುಗಿಸಬೇಕು. ಕಿಟಕಿಗೆ ಕಪ್ಪು ಪರದೆ ಎಳೆದಿದ್ದರು, ಸೆಖೆಗೆ ಹೆದರಿ ಕದ ಮುಚ್ಚಿರಲಿಲ್ಲ. ಪಾಠ ಶುರುವಾಗುತ್ತಲೇ ಹೊರಗೊಂದು ಸೈಕಲ್ ರಿಕ್ಷಾ ಟಿಣ್ ಎಂದಿತು. ಮೇಷ್ಟ್ರು ತಿರುಗಿಸಿಬಿಟ್ಟರು! ಅಲ್ಲಿಂದ ಕೊನೆಯವರೆಗೂ ಚಿತ್ರ ಮುಂದೆ, ದೊರೆ ಹಿಂದೆ. ಅವನು ಪಿತ್ತಕೋಶ ಎಂದಾಗ ಗೋಡೆಯ ಮೇಲೆ ಗುಲ್ಮ, ಗುಲ್ಮ ಎಂದಾಗ ಮೂತ್ರಪಿಂಡ. ಇದೆಲ್ಲ ನನಗೆ ಹೊಳೆದದ್ದು ಎಷ್ಟೋ ಕಾಲದ ಮೇಲೆ.

ಪುಸ್ತಕದಲ್ಲಿ ಬೇರೆಯೇ ಇತ್ತು, ನಿಜ. ಆದರೆ ಕಣ್ಣಾರೆ ಕಂಡು ಕಿವಿಯಾರೆ ಕೇಳಿದ್ದು ಸುಳ್ಳಾಗುತ್ತದೆಯೇ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ದೊರೆಗಳಿಗೆ ಅನ್ವಯಿಸುವುದಿಲ್ಲ ಎಂದುಕೊಂಡಿದ್ದೆ. ನಿಲ್ಲಿಸಿ ಕೇಳಲು ನಾಲಿಗೆ ಏಳಲಿಲ್ಲ. ನಡುವೆ ನಿಲ್ಲಿಸಿದರೆ ತಟ್ಟೆಗೆ ಗೀರು ಬೀಳುತ್ತದೆಂದು ಮೇಷ್ಟ್ರು ಮೊದಲೇ ಹೆದರಿಸಿದ್ದರು. ಪಕ್ಕದಲ್ಲಿದ್ದ ಗೆಳೆಯ ಪಾರ್ಥಸಾರಥಿ ಕತ್ತಲೆ ಸಿಕ್ಕಿದ್ದೇ ತಡ, ಗೊರಕೆ ಹೊಡೆಯುತ್ತಿದ್ದ.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಪರೀಕ್ಷಕರು ಕಪ್ಪೆಯ ಗುಲ್ಮವನ್ನು ಕಡ್ಡಿಯಿಂದ ಮುಟ್ಟಿ, "ಇದು ಎನ್ನಪ್ಪಾ?" ಎಂದರು.

"ಪಿತ್ತಕೋಶ ಸಾರ್."

"ನಲ್ಲಾ ಪಾರ್ತು ಸೊಲ್ಲು."

ನೋಡಿ ಹೇಳು ಎಂದರಲ್ಲ, ಚೆನ್ನಾಗಿಯೇ ನೋಡಿದೆ. ನೋಡಿದಷ್ಟೂ ಗೊಂದಲ. ದೊರೆ ಹೇಳಿದ್ದನ್ನೂ ಹೇಳಿದೆ, ಪುಸ್ತಕದ್ದನ್ನೂ ಹೇಳಿದೆ, ಕೊನೆಗೆ ಎರಡರಲ್ಲೂ ಇಲ್ಲದ್ದನ್ನು ಹೇಳಿದೆ. ಗೊರಕೆ ಹೊಡೆದವನು ಪಾಸಾದ. ನಾನು ಗಲ್ಲಾದಲ್ಲಿ ಕೂತೆ, ಕೂದಲು ಹಣ್ಣಾಗುವವರೆಗೂ. ನನ್ನನ್ನು ಕೆಡಿಸಿದ್ದು ರಿಕ್ಷಾವೋ, ದೊರೆಯೋ, ನಾನೋ ಇಂದಿಗೂ ಬಗೆಹರಿದಿಲ್ಲ.

ಮೊನ್ನೆ ಮೊಮ್ಮಗಳು ಫೋನಿನಲ್ಲಿ ಪಾಠ ನೋಡುತ್ತಿದ್ದಳು, ಅವಳದೂ ಬಯಾಲಜಿಯೇ. ಧ್ವನಿ ಇನ್ನೂ ಮಾತಾಡುತ್ತಿರುವಾಗಲೇ ಬೆರಳಿಟ್ಟು ನಿಲ್ಲಿಸಿಬಿಟ್ಟಳು.

"ಯಾಕೆ ಮಗಾ?"

"ಪುರಿಯಲ, ತಾತಾ."

ಅರ್ಥವಾಗಲಿಲ್ಲ ಎನ್ನುವುದನ್ನು ಹಸಿವಾಗಿದೆ ಎನ್ನುವಷ್ಟು ಸಲೀಸಾಗಿ ಹೇಳಿದಳು. ನನಗೆ ಹೊಟ್ಟೆಕಿಚ್ಚೂ ಆಯಿತು, ಹಿಗ್ಗೂ ಆಯಿತು, ಕಣ್ಣಲ್ಲಿ ನೀರೂ ಬಂತು. ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತೆ.

"ನನಗೂ ಪುರಿಯಲ," ಎಂದೆ. "ಮೊದಲಿಂದ ಹಾಕು."