ಎಡಕ್ಕೆ ಸುತ್ತಿದ ದಾರ

ನನ್ನ ಬಾಯಿಯ ಬಗ್ಗೆ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ನಲ್ಲಿಯ ಹತ್ತಿರ ಸರದಿ ತಪ್ಪಿಸಿದವಳನ್ನು ಬೈಯಲು, ತೂಕದಲ್ಲಿ ಮೋಸ ಮಾಡಿದ ಕಾಯಿಪಲ್ಲೆಯವನ ಬುಟ್ಟಿ ಹಿಡಿದು ನಿಲ್ಲಲು, ಅತ್ತೆಯ ಒಂದು ಮಾತಿಗೆ ನಾಲ್ಕು ಮಾತು ತಿರುಗಿಸಲು ನನ್ನನ್ನು ಮೀರಿಸಿದವರಿರಲಿಲ್ಲ. ಇಷ್ಟು ಬಾಯಿದ್ದವಳು, ಅದನ್ನು ತೆರೆಯಲೇಬೇಕಾಗಿದ್ದ ದಿನ ಮುಚ್ಚಿಕೊಂಡು ನಿಂತೆ. ಊರ ಶಾಲೆಯಲ್ಲಿ ಮೂರನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಆ ದಿನ ಆಡದ ಮಾತನ್ನು ಈಗ ಬರೆದಾದರೂ ಇಡೋಣ ಅಂತ ಕೂತಿದ್ದೇನೆ.

ಬೆಳಗಾವಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಪುಣೆಗೆ ಬಂದವಳು ನಾನು. ಎರಡನೆಯ ಮಹಾಯುದ್ಧ ಶುರುವಾಗಲು ಇನ್ನೂ ಕೆಲವು ವರ್ಷ ಇತ್ತು. ನಮ್ಮ ಮನೆಯವರು ಸ್ಟೇಶನ್ನಿನಲ್ಲಿ ಹಮಾಲಿ ಮಾಡುತ್ತಿದ್ದರು. ಭವಾನಿ ಪೇಟೆಯ ಸಾಲುಮನೆಗಳ ಚಾಳೊಂದರಲ್ಲಿ ಒಂದೇ ಖೋಲಿ, ಅದರಲ್ಲಿ ನಾವಿಬ್ಬರು ಮತ್ತು ಅತ್ತೆ. ಒಬ್ಬರ ದುಡಿಮೆಯಲ್ಲಿ ಮೂರು ಹೊಟ್ಟೆ ತುಂಬುವಂತಿರಲಿಲ್ಲ, ಬಂದ ಎರಡನೆಯ ತಿಂಗಳಿಗೇ ನಾನು ಬೀಡಿ ಕಾರ್ಖಾನೆಗೆ ಹೊರಟೆ. ಕಾರ್ಖಾನೆ ಅಂದರೆ ಯಂತ್ರ, ಚಿಮಣಿ ಅಂದುಕೊಳ್ಳಬೇಡಿ. ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ, ನೆಲದ ಮೇಲೆ ಸಾಲಾಗಿ ಕೂತ ಹೆಂಗಸರು, ಪ್ರತಿಯೊಬ್ಬಳ ತೊಡೆಯ ಮೇಲೆ ತಂಬಾಕಿನ ಮೊರ. ಇದ್ದ ಎರಡು ಕಿಟಕಿಗಳನ್ನೂ ತಂಬಾಕು ಹಾರುತ್ತದೆ ಅಂತ ಮುಚ್ಚಿಡುತ್ತಿದ್ದರು. ಕೆಮ್ಮದೆ ಕೂತವಳು ಹೊಸಬಳು ಅಂತ ಅಲ್ಲಿ ಎಲ್ಲರಿಗೂ ತಿಳಿಯುತ್ತಿತ್ತು.

ನನಗೆ ಕೆಲಸ ಕಲಿಸಿದವರು ಪಕ್ಕದಲ್ಲಿ ಕೂರುತ್ತಿದ್ದ ಅಕ್ಕ. ವಿಜಾಪುರದ ಕಡೆಯವರು, ಐವತ್ತರ ಹತ್ತಿರದ ವಿಧವೆ, ಮಕ್ಕಳಿಲ್ಲ. ಇಪ್ಪತ್ತು ವರ್ಷದಿಂದ ಅದೇ ಸಾಲಿನಲ್ಲಿ ಕೂತಿದ್ದರು. ಮರಾಠಿಯನ್ನು ಮರಾಠಿಯವರಿಗಿಂತ ಜೋರಾಗಿ ಮಾತಾಡುತ್ತಿದ್ದರು, ನನ್ನ ಹತ್ತಿರ ಮಾತ್ರ ಕನ್ನಡ. ಸಂಜೆ ಕಾರ್ಖಾನೆಯಿಂದ ಎಲೆ ತಂದು ನೆನೆಸಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಬೆಳಿಗ್ಗೆ ತಗಡಿನ ಅಳತೆ ಇಟ್ಟು ಕತ್ತರಿಸಿ, ಕತ್ತರಿಸಿದ ಎಲೆ ತೆಗೆದುಕೊಂಡು ಕೆಲಸಕ್ಕೆ ಹೋಗುವುದು ನಮ್ಮ ರೂಢಿ. ಅವರು ಕಲಿಸಿದ ಮೊದಲ ಪಾಠವೇ ಅದು.

“ನೋಡವಾ, ಬೀಡಿ ಸೊಟ್ಟ ಆದ್ರ ಆಗಲಿ, ನೆನೆದ ಎಲಿ ಕೆಡಸಬ್ಯಾಡ,” ಅಂದಿದ್ದರು. “ಮೂರನೇ ದಿನಕ್ಕ ಕರ್ರಗಾಗತದ. ಒಬ್ಬಾಕಿ ಕಾಡಿನ್ಯಾಗ ಬಿಸಲಾಗ ನಿಂತು ಹರದಾಳ ಅದನ್ನ.”

ಅಕ್ಕ ಎಡಚಿ. ಬೀಡಿಗಳನ್ನು ಕಟ್ಟು ಮಾಡುವಾಗ ಎಲ್ಲರೂ ದಾರವನ್ನು ಬಲಕ್ಕೆ ಸುತ್ತಿದರೆ ಅವರದು ಎಡಕ್ಕೆ. ಅವರ ಕೈ ನೋಡಿ ಕಲಿತ ನಾನೂ ಬಲಗೈಯವಳಾಗಿದ್ದರೂ ಎಡಕ್ಕೇ ಸುತ್ತುತ್ತಿದ್ದೆ. ಮೊದಲ ವಾರವೇ ನಮ್ಮ ಮೇಲ್ವಿಚಾರಣೆಗಿದ್ದ ಮುಕಾದಮ ನನ್ನ ಕಟ್ಟುಗಳನ್ನು ಎತ್ತಿ ಒಗೆದ. ಆ ಮುದುಕಿಯ ಕೈ ತಿದ್ದಲಾಗದು, ನೀನಾದರೂ ಎಲ್ಲರಂತೆ ಕಟ್ಟು ಅಂದ. ಆಮೇಲೆ ಕಾರ್ಖಾನೆಯಲ್ಲಿ ಬಲಕ್ಕೆ ಸುತ್ತುವುದನ್ನು ರೂಢಿಸಿಕೊಂಡೆ. ಆದರೆ ರಜೆಯ ದಿನ ಮನೆಯಲ್ಲಿ ಕಟ್ಟುವಾಗ ಕೈ ತಾನಾಗಿ ಮೊದಲು ಕಲಿತ ಕಡೆಗೇ ಹೋಗುತ್ತಿತ್ತು, ಕಾರ್ಖಾನೆಗೆ ಕೊಡುವ ಮೊದಲು ಬಿಚ್ಚಿ ಬಲಕ್ಕೆ ಕಟ್ಟುತ್ತಿದ್ದೆ. ಇದು ಅಕ್ಕನಿಗೊಬ್ಬರಿಗೇ ಗೊತ್ತು. ನಮ್ಮ ಖೋಲಿಗೆ ಬಂದಾಗ ನೋಡಿ ನಗುತ್ತಿದ್ದರು.

ಮುಕಾದಮ ಸಂಜೆ ಕಟ್ಟು ಬಿಚ್ಚಿ ತಪಾಸಣೆ ಮಾಡುತ್ತಿದ್ದ. ಇದು ಸಡಿಲ, ಇದು ತೂತು, ಇದರ ಬಾಯಿ ಸರಿಯಿಲ್ಲ ಅನ್ನುತ್ತ ಹಿಡಿ ಹಿಡಿ ಬೀಡಿ ತೆಗೆದು ಪಕ್ಕದ ಬುಟ್ಟಿಗೆ ಹಾಕುತ್ತಿದ್ದ. ಬುಟ್ಟಿಗೆ ಬಿದ್ದದ್ದಕ್ಕೆ ಕೂಲಿ ಇಲ್ಲ, ವಾಪಸ್ಸೂ ಇಲ್ಲ. ಸಂಜೆ ತುಂಬಿದ್ದ ಬುಟ್ಟಿ ಬೆಳಿಗ್ಗೆ ಬರಿದಾಗಿರುತ್ತಿತ್ತು. ಎಲ್ಲಿ ಹೋಗುತ್ತದೆ ಅಂತ ನನಗೆ ತಿಳಿದದ್ದು ಮನೆಯವರ ಜೇಬಿನಿಂದ. ಸ್ಟೇಶನ್ನಿನ ಹೊರಗಿನ ಅಂಗಡಿಯಲ್ಲಿ ಬಿಡಿ ಬೀಡಿ ಅಗ್ಗಕ್ಕೆ ಸಿಗುತ್ತವೆ ಅಂತ ತಂದಿದ್ದರು. ನೋಡಿದರೆ ಎಲೆ ನಮ್ಮ ಕಾರ್ಖಾನೆಯದೇ, ತಂಬಾಕೂ ಅಲ್ಲಿಯದೇ. ನನಗೆ ಕೂಲಿ ಸಿಗದ ಬೀಡಿಯನ್ನು ನನ್ನ ಗಂಡನೇ ದುಡ್ಡು ಕೊಟ್ಟು ಸೇದುತ್ತಿದ್ದರು. ಮರುದಿನ ಇಡೀ ಸಾಲಿಗೆ ಕೇಳುವ ಹಾಗೆ ಇದನ್ನು ಹೇಳಿದವಳು ನಾನೇ. ಹೇಳಿದ್ದೆನಲ್ಲ, ಬಾಯಿ ಇತ್ತು.

ಅದನ್ನು ಬೇಡಿಕೆಯಾಗಿ ಮಾಡಿದವರು ಅಕ್ಕ. ಕೂಲಿ ಹೆಚ್ಚಿಸಿ ಅಂತ ಅವರು ಕೇಳಲಿಲ್ಲ. ಬೀಡಿ ಕೆಟ್ಟದ್ದಾಗಿದ್ದರೆ ನಮ್ಮ ಕಣ್ಣೆದುರೇ ಮುರಿಯಿರಿ, ಅಷ್ಟೇ. ಮುರಿದದ್ದನ್ನು ಮಾರಲಾಗುವುದಿಲ್ಲ, ಮಾರಲಾಗದಿದ್ದರೆ ಮುಕಾದಮನ ಕೈಯೂ ಸುಮ್ಮನೆ ಹಿಡಿ ಹಿಡಿ ತೆಗೆಯುವುದಿಲ್ಲ. ಕಾರ್ಮಿಕರ ಸಂಘದ ಕಡೆಯಿಂದ ಕನ್ನಡಕದ ಒಬ್ಬ ಗೃಹಸ್ಥರು ಬರುತ್ತಿದ್ದರು. ದೂರದ ದೇಶಗಳಲ್ಲಿ ಕೂಲಿಗಳೆಲ್ಲ ಒಟ್ಟಾಗಿ ಕೆಲಸ ನಿಲ್ಲಿಸುತ್ತಾರೆ, ಮಾಲೀಕರ ಸರಿಸಮ ಕುರ್ಚಿಯಲ್ಲಿ ಕೂತು ಮಾತಾಡುತ್ತಾರೆ, ಒಪ್ಪಿದ್ದನ್ನು ಕಾಗದದಲ್ಲಿ ಬರೆಯುತ್ತಾರೆ ಅಂತ ಮರಾಠಿಯಲ್ಲಿ ತಾಸುಗಟ್ಟಲೆ ಹೇಳುತ್ತಿದ್ದರು. ಅಕ್ಕ ಎಲ್ಲ ಕೇಳಿ, ಅಲ್ಲಿಯ ಹೆಂಗಸರಿಗೂ ಕೆಮ್ಮು ಇದೆಯೇ ಅಂತ ವಿಚಾರಿಸಿದರು.

ವಾರದ ರಜೆಯ ಮಧ್ಯಾಹ್ನ ಮುಠಾ ನದಿಯ ದಂಡೆಯಲ್ಲಿ ಎಲ್ಲರೂ ಸೇರಿದೆವು. ಬೇಡಿಕೆ ಒಪ್ಪುವ ತನಕ ಕೆಲಸಕ್ಕೆ ಹೋಗಬಾರದು, ಮನೆಯಲ್ಲೂ ಒಂದು ಬೀಡಿ ಸುತ್ತಬಾರದು ಅಂತ ಮಾತಾಯಿತು. ಕೈ ಎತ್ತುವುದನ್ನು ನಂಬಬೇಡಿ ಅಂದವರು ಅಕ್ಕ. ಹಳೆಯ ಸೀರೆಯೊಂದರ ಸೆರಗು ಹಾಸಿ, ಎಲ್ಲರೂ ತಂತಮ್ಮ ಕತ್ತರಿ ತಂದು ಅದರಲ್ಲಿ ಹಾಕಬೇಕು ಅಂದರು. ಕತ್ತರಿ ಇಲ್ಲದೆ ಎಲೆ ಕತ್ತರಿಸಲಾಗದು, ಎಲೆ ಇಲ್ಲದೆ ಬೀಡಿ ಇಲ್ಲ. ಹೆಂಗಸರು ಮನೆಗೆ ಓಡಿ ಕತ್ತರಿ ತಂದರು. ಎಲ್ಲರಿಗಿಂತ ಮೊದಲು ಹಾಕಿದವಳು ನಾನು. ಗಂಟು ಕಟ್ಟಿ ಅಕ್ಕನ ಖೋಲಿಯಲ್ಲಿಟ್ಟೆವು.

ಆದರೆ ನನ್ನ ಎಲೆ ಬೆಳಿಗ್ಗೆಯೇ ಕತ್ತರಿಸಿ ಆಗಿತ್ತು. ರಜೆಯ ಹಿಂದಿನ ದಿನ ಎಲೆಯ ಜೊತೆ ತಂಬಾಕನ್ನೂ ಮನೆಗೆ ಕೊಡುತ್ತಿದ್ದರು. ಎರಡೂ ಮೂಲೆಯಲ್ಲಿದ್ದವು, ಎಲೆ ಒದ್ದೆ ಗೋಣಿಯಲ್ಲಿ. ಎರಡು ದಿನ ಅತ್ತ ನೋಡಲಿಲ್ಲ. ಮೂರನೆಯ ದಿನ ಗೋಣಿ ಬಿಚ್ಚಿದರೆ ಅಂಚು ಕಪ್ಪಾಗತೊಡಗಿತ್ತು, ಮುಗ್ಗು ವಾಸನೆ. ನನಗೆ ತಡೆಯಲಾಗಲಿಲ್ಲ. ಮುಷ್ಕರ ಮುರಿಯಬೇಕು ಅಂತಲ್ಲ, ಕಾರ್ಖಾನೆಗೆ ಕೊಡಬೇಕು ಅಂತಲೂ ಅಲ್ಲ. ಕೈಯೆದುರಿಗೆ ಎಲೆ ಕೊಳೆಯುತ್ತಿದೆ, ಕೈ ಖಾಲಿ ಇದೆ, ಅಷ್ಟೇ. ಬಾಗಿಲು ಮುಚ್ಚಿ, ಆ ಮಧ್ಯಾಹ್ನವೆಲ್ಲ ಕೂತು ಸುತ್ತಿ, ಕಟ್ಟು ಮಾಡಿ ಬುಟ್ಟಿಯಲ್ಲಿಟ್ಟು ಮೇಲೆ ಬಟ್ಟೆ ಮುಚ್ಚಿದೆ. ಕೊನೆಯ ಕಟ್ಟು ಕಟ್ಟಿದಾಗ ನೆಮ್ಮದಿಯೂ ಆಯಿತು. ಈಗ ಆ ನೆಮ್ಮದಿ ನೆನಪಾದರೆ ಮೈ ಉರಿಯುತ್ತದೆ.

ಒಂದು ವಾರ ದಾಟಿತು. ನಾಲ್ಕನೆಯ ದಿನದಿಂದ ನಾವು ಬೆಳಿಗ್ಗೆಯಿಂದ ಸಂಜೆಯವರೆಗೆ ಗೇಟಿನ ಎದುರು ಕೂರುತ್ತಿದ್ದೆವು. ಮನೆಗಳಲ್ಲಿ ಭಕ್ಕರಿ ಒಂದು ಹೊತ್ತಿಗೆ ಇಳಿದಿತ್ತು. ಎದುರು ಸಾಲಿನ ಒಬ್ಬ ತಾಯಿಯ ಎದೆಯಲ್ಲಿ ಹಾಲು ಬತ್ತಿ ಮಗು ದಿನವಿಡೀ ಚೀರುತ್ತಿತ್ತು. ಆದರೂ ಯಾರೂ ಒಳಗೆ ಹೋಗಲಿಲ್ಲ. ಪಂಢರಪುರಕ್ಕೆ ಹೋಗುವ ಪಾಲಖಿ ಪುಣೆಗೆ ಬರುವ ದಿನ ಹತ್ತಿರವಾಗುತ್ತಿತ್ತು. ಅದರ ಜೊತೆ ನಡೆದು ಬರುವ ವಾರಕರಿಗಳ ಗುಂಪು ಊರಿಗೆ ಇಳಿದರೆ ಎಷ್ಟು ಬೀಡಿ ಇದ್ದರೂ ಸಾಲದು. ಕಾರ್ಖಾನೆಯ ಮಾಲೀಕ ಶೇಟ್ ಸೋಲುತ್ತಾನೆ ಅಂತ ಅಕ್ಕ ಲೆಕ್ಕ ಹಾಕಿದ್ದರು, ಆ ಲೆಕ್ಕ ಸರಿಯಾಗಿಯೇ ಇತ್ತು.

ಒಂಬತ್ತನೆಯ ದಿನ ನಾವು ಗೇಟಿನಲ್ಲಿದ್ದಾಗ ಮುಕಾದಮ ಒಬ್ಬ ಸಿಪಾಯಿಯನ್ನು ಕರೆದುಕೊಂಡು ಮನೆ ಮನೆಗೆ ಹೋದ. ಕಾರ್ಖಾನೆಯ ಮಾಲು ವಾಪಸ್ ಕೊಡಿ, ಇಲ್ಲದಿದ್ದರೆ ಕಳವಿನ ಕೇಸು ಅಂದನಂತೆ. ಎಲ್ಲರ ಮನೆಯಿಂದ ಅವನಿಗೆ ಕೊಳೆತ ಎಲೆ ಸಿಕ್ಕಿತು. ನಮ್ಮ ಅತ್ತೆ ಸಿಪಾಯಿಯ ಟೊಪ್ಪಿಗೆ ನೋಡಿಯೇ ನಡುಗಿ, ಬುಟ್ಟಿಯನ್ನು ಹಾಗೆಯೇ ಎತ್ತಿ ಕೊಟ್ಟಿದ್ದರು.

“ನಾ ಏನ ಮಾಡ್ಲಿ, ಪೊಲೀಸ ಬಂದಿದ್ದ. ಇದ್ದದ್ದ ಕೊಟ್ಟೆ,” ಅಂದರು ಸಂಜೆ. ಅಂದು ಅವರಿಗೆ ತಿರುಗಿ ಒಂದು ಮಾತನ್ನೂ ನಾನು ಆಡಲಿಲ್ಲ.

ಮರುದಿನ ಮುಕಾದಮ ಗೇಟಿನ ಕಟ್ಟೆಯ ಮೇಲೆ ನಿಂತು ಒಂದು ಕಟ್ಟು ಎತ್ತಿ ಹಿಡಿದ. “ಹೇ ಕುಣಾಚಂ?” ಅಂದ. ಯಾರದು ಅಂತ ಅವನಿಗೆ ಗೊತ್ತಿತ್ತು, ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು ತಾನೇ ತೆಗೆದುಕೊಂಡಿದ್ದನಲ್ಲ. ಆದರೂ ಹೆಸರು ಹೇಳಲಿಲ್ಲ, ಕಟ್ಟನ್ನು ಮುಂದಿನ ಹೆಂಗಸಿನ ಕೈಗೆ ಕೊಟ್ಟ. ಅದು ಕೈಯಿಂದ ಕೈಗೆ ಹೋಯಿತು. ದಾರ ಎಡಕ್ಕೆ ಸುತ್ತಿತ್ತು. ನೋಡಿದವರೆಲ್ಲ ಒಬ್ಬೊಬ್ಬರಾಗಿ ಅಕ್ಕನ ಕಡೆಗೆ ತಿರುಗಿದರು.

ಕೊನೆಗೆ ಅದು ಅಕ್ಕನ ಕೈಗೆ ಬಂತು. ಅವರು ಹೆಬ್ಬೆರಳಿನಿಂದ ದಾರ ಸವರಿ ನೋಡಿದರು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ನಾನು ಹೇಳುತ್ತೇನೆ ಅಂತ ಕಾಯುವ ನೋಟ ಅದು. ಒಂದು ಮಾತು ಸಾಕಾಗಿತ್ತು. ಹೇಳಿದರೆ ಈ ಹೆಂಗಸರು ನನ್ನ ಮುಖಕ್ಕೆ ಉಗುಳುತ್ತಾರೆ, ಚಾಳಿನಲ್ಲಿ ನೀರಿಗೂ ಬಿಡುವುದಿಲ್ಲ ಅಂತ ಹೆದರಿದೆ.

“ನಂದಲ್ಲ,” ಅಂದರು ಅಕ್ಕ ಮರಾಠಿಯಲ್ಲಿ.

“ಮತ್ತೆ ಯಾರದು?” ಅಂದಳು ಮಗು ಎತ್ತಿಕೊಂಡಿದ್ದ ತಾಯಿ. “ನಮ್ಮ ಕತ್ತರಿಗಳೆಲ್ಲ ನಿನ್ನ ಮನೆಯಲ್ಲೇ ಇವೆ.”

ಅಕ್ಕ ಕಟ್ಟನ್ನು ಅವಳ ಕೈಗೆ ವಾಪಸ್ ಕೊಟ್ಟರು. ನನ್ನ ಕಡೆಗೆ ಇನ್ನೊಮ್ಮೆ ನೋಡಲಿಲ್ಲ.

ಎರಡು ದಿನದಲ್ಲಿ ಅರ್ಧ ಸಾಲು ಒಳಗೆ ಹೋಗಲು ತಯಾರಾಯಿತು. ಪಾಲಖಿಯ ಅವಸರ ಇದ್ದದ್ದರಿಂದ ಶೇಟ್ ಮಾತುಕತೆಗೆ ಕರೆದ. ತೆಗೆದ ಬೀಡಿಯನ್ನು ಎದುರಿಗೇ ಮುರಿಯುತ್ತೇವೆ, ಎಲ್ಲರನ್ನೂ ವಾಪಸ್ ತೆಗೆದುಕೊಳ್ಳುತ್ತೇವೆ, ಅಕ್ಕನೊಬ್ಬಳನ್ನು ಬಿಟ್ಟು ಅಂತ ಅವನ ಮಾತು. ಕನ್ನಡಕದ ಗೃಹಸ್ಥರು ಅವಳನ್ನು ಬಿಟ್ಟು ಒಪ್ಪಬೇಡಿ ಅಂತ ಕೈಮುಗಿದು ಹೇಳಿದರು. ಹೆಂಗಸರು ಮುಖ ತಿರುಗಿಸಿದರು. ದ್ರೋಹ ಮಾಡಿದವಳಿಗಾಗಿ ಯಾರು ಉಪವಾಸ ಕೂರುತ್ತಾರೆ? ನಾನೂ ಅವರ ನಡುವೆಯೇ ನಿಂತಿದ್ದೆ.

ಕೆಲಸಕ್ಕೆ ಹೋಗುವ ಹಿಂದಿನ ದಿನ ಎಲ್ಲರೂ ಅಕ್ಕನ ಖೋಲಿಗೆ ಹೋಗಿ ಕತ್ತರಿ ತಂದರು. ಯಾರೂ ಅವರ ಹತ್ತಿರ ಮಾತಾಡಲಿಲ್ಲ. ಕೊನೆಗೆ ಹೋದವಳು ನಾನು. ಸೆರಗಿನ ಗಂಟಿನಲ್ಲಿ ಒಂದೇ ಕತ್ತರಿ ಉಳಿದಿತ್ತು. ಜಂಗು ಹಿಡಿಯಬಾರದು ಅಂತ ಎಲ್ಲ ಕತ್ತರಿಗಳಿಗೂ ಎಣ್ಣೆ ಸವರಿಟ್ಟಿದ್ದರು, ನನ್ನದಕ್ಕೂ. ಅದನ್ನು ಕೈಗೆ ತೆಗೆದುಕೊಂಡಾಗ ನಾನು ಅವರ ಕಾಲ ಹತ್ತಿರ ಕುಸಿದು ಕೂತೆ, ಎಲ್ಲ ಹೇಳಿದೆ. ಎಲೆ ಕಪ್ಪಾಗಿದ್ದು, ಬಾಗಿಲು ಮುಚ್ಚಿದ್ದು, ಅತ್ತೆ ಕೊಟ್ಟಿದ್ದು.

“ಗೊತ್ತದ,” ಅಂದರು. “ಎಲಿ ಕೆಡಸಬ್ಯಾಡ ಅಂತ ನಾನ ಕಲಿಸಿದ್ನಲ್ಲ.”

ನಾನು ಅಳುತ್ತಿದ್ದೆ. ಅವರು ಸಮಾಧಾನ ಮಾಡಲಿಲ್ಲ.

“ಕೆಲಸ ಹೋದ್ರ ಹೋಗಲಿ. ನಾನು ಸಾಸವಡದಾಗ ನಮ್ಮ ತಂಗಿ ಕಡೆ ಹೋಗ್ತೀನಿ. ಆದ್ರ ಇಪ್ಪತ್ತು ವರ್ಷ ಆ ಹೆಣ್ಣಮಕ್ಕಳ ಜೋಡಿ ಕುಂತೀನಿ ನೋಡವಾ, ಕಳ್ಳಿ ಅನ್ನಿಸ್ಕೊಂಡು ಹೋಗೂದು ಬ್ಯಾಡ ನನಗ. ನಾಳೆ ಗೇಟಿನ ಮುಂದ ಒಂದ ಮಾತು ಹೇಳು. ಅಷ್ಟ ಸಾಕು.”

“ಹೇಳ್ತೇನ್ರಿ ಅಕ್ಕಾ,” ಅಂದೆ.

ಹೇಳಬೇಕು ಅಂತಲೇ ಹೋದೆ, ಇದನ್ನು ಯಾರೂ ನಂಬದಿದ್ದರೂ ನಾನು ನಂಬುತ್ತೇನೆ. ಗೇಟಿನಲ್ಲಿ ಮುಕಾದಮ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದ. ನನ್ನ ಹಿಂದೆ ಆ ಮಗುವಿನ ತಾಯಿ ನಿಂತಿದ್ದಳು. ಒಳಗೆ ಹೋದ ಮೇಲೆ ಹೇಳೋಣ ಅಂದುಕೊಂಡೆ. ಕೂತ ಮೇಲೆ ಊಟದ ಹೊತ್ತಿಗೆ ಅಂದುಕೊಂಡೆ. ಊಟದ ಹೊತ್ತಿಗೆ ಎಲ್ಲರೂ ಎಷ್ಟೋ ದಿನಗಳ ಮೇಲೆ ನಗುತ್ತಿದ್ದರು. ಅಕ್ಕ ಮೂರು ದಿನ ಕಾದು, ಪಾಲಖಿಯ ಹಿಂದೆ ನಡೆದು ಸಾಸವಡಕ್ಕೆ ಹೋದರಂತೆ. ಆಮೇಲೆ ನಾನು ಅವರನ್ನು ನೋಡಲಿಲ್ಲ, ನೋಡಲು ಹೋಗಲಿಲ್ಲ.

ಆ ಮೊದಲ ಸಂಜೆ ತಪಾಸಣೆಗೆ ನನ್ನ ಸರದಿ ಬಂತು. ಮುಕಾದಮ ಹಿಡಿ ಹಿಡಿ ತೆಗೆಯಲಿಲ್ಲ, ಮೂರೇ ಮೂರು ಬೀಡಿ ತೆಗೆದ. ಎಲ್ಲರಿಗೂ ಕಾಣುವ ಹಾಗೆ ಕೈ ಮುಂದೆ ಮಾಡಿ ಒಂದೊಂದಾಗಿ ಮುರಿದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು, ನಾವು ಗೆದ್ದಿದ್ದೆವು. ಪಕ್ಕದ ಜಾಗ ಖಾಲಿ ಇತ್ತು. ಉಳಿದ ಕಟ್ಟುಗಳನ್ನು ಅವನು ತಿರುಗಿಸಿ ತಿರುಗಿಸಿ ನೋಡಿ ಒಳ್ಳೆಯವು ಅಂತ ಪಕ್ಕಕ್ಕಿಟ್ಟ. ಕೊಡುವ ಮೊದಲು ನಾನೂ ಎರಡೆರಡು ಸಲ ನೋಡಿಕೊಂಡಿದ್ದೆ, ಎಲ್ಲದರಲ್ಲೂ ದಾರ ಬಲಕ್ಕೇ ಸುತ್ತಿತ್ತು.